ನೀಲಿಯೂ ಒಂದು ಪದವಿ

ನಮ್ಮ ಕಡೆಯ ಕಾಲೇಜುಗಳಲ್ಲಿ ಓದಿದವರಿಗೆ ಈ ಮಾತು ಹೊಸದಲ್ಲ: ‘ಅವನು ಕಬಡ್ಡಿಯಲ್ಲಿ ಯೂನಿವರ್ಸಿಟಿ ಬ್ಲೂ.’ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ತನ್ನ ವಿಶ್ವವಿದ್ಯಾಲಯದ ಪರವಾಗಿ ಆಡಿ ಬಂದವನು ಎಂದು ಅರ್ಥ. ಮೈಸೂರಿನಲ್ಲೂ ಅದೇ ಮಾತು, ಧಾರವಾಡದಲ್ಲೂ ಅದೇ, ಬೆಂಗಳೂರಿನಲ್ಲೂ ಅದೇ. ನನ್ನ ಜೊತೆ ಹಾಸ್ಟೆಲಿನಲ್ಲಿದ್ದ ಖೋಖೋ ಆಟಗಾರನೊಬ್ಬ ತನ್ನ ಬ್ಲೇಜರನ್ನು ಏಪ್ರಿಲ್ ಬಿಸಿಲಿನಲ್ಲೂ ಕಳಚುತ್ತಿರಲಿಲ್ಲ. ಕಡೆಗೆ ತನ್ನ ಮದುವೆಯ ಆರತಕ್ಷತೆಗೂ ಅದನ್ನೇ ತೊಟ್ಟು ನಿಂತ. ಬ್ಲೇಜರಿನ ಬಣ್ಣ ಕಡುಗೆಂಪು. ಆದರೂ ಅವನು ಬ್ಲೂ. ಕೆಂಪು ತೊಟ್ಟವನು ಬ್ಲೂ ಹೇಗಾದ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ, ಅವನಿಗೂ ತಿಳಿದಿರಲಿಲ್ಲ.

ಆ ಮಾತಿನ ತವರು ಥೇಮ್ಸ್ ನದಿಯ ದಡ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳು ಮೊದಲ ಬಾರಿಗೆ ಆಟದಲ್ಲಿ ಎದುರುಬದುರಾಗಿದ್ದು 1827ರ ಜೂನ್ 4ರಂದು, ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ. 2027ಕ್ಕೆ ಅದಕ್ಕೆ ಇನ್ನೂರು ತುಂಬುತ್ತದೆ. ಇನ್ನೂರು ವರ್ಷ ಎನ್ನುವುದು ಆಕ್ಸ್‌ಫರ್ಡಿನ ಲೆಕ್ಕದಲ್ಲಿ ದೊಡ್ಡ ವಯಸ್ಸೇನಲ್ಲ. ಅಲ್ಲಿ ಹನ್ನೊಂದನೆಯ ಶತಮಾನದ ಕೊನೆಗೇ ಪಾಠ ನಡೆಯುತ್ತಿತ್ತು. ಅಷ್ಟು ಹಳೆಯ ವಿದ್ಯಾಸಂಸ್ಥೆ ಆಟಕ್ಕೆ ಇಷ್ಟು ತಡವಾಗಿ ಬಂತೇಕೆ? ನಿಜ ಹೇಳಬೇಕೆಂದರೆ ಸಂಸ್ಥೆ ಬರಲೇ ಇಲ್ಲ. ಬಂದವರು ಹುಡುಗರು. ಆಕ್ಸ್‌ಫರ್ಡಿನ ಕ್ರೀಡಾ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ. ಸುತ್ತೋಲೆ ಹೊರಡಿಸಿ, ಸಮಿತಿ ನೇಮಿಸಿ, ನಿರ್ದೇಶಕರನ್ನು ಕೂರಿಸಿ ಕಟ್ಟಿದ್ದು ಅಲ್ಲಿ ಯಾವುದೂ ಇಲ್ಲ.

ಮೊದಲ ಹುಡುಗ ಚಾರ್ಲ್ಸ್ ವರ್ಡ್ಸ್‌ವರ್ತ್. ಡ್ಯಾಫೊಡಿಲ್ ಹೂವುಗಳ ಪದ್ಯದಿಂದ ನಮ್ಮ ಪಠ್ಯಪುಸ್ತಕಗಳಿಗೂ ಬಂದ ಕವಿ ವಿಲಿಯಂ ವರ್ಡ್ಸ್‌ವರ್ತನ ತಮ್ಮನ ಮಗ. ತಂದೆ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನ ಮುಖ್ಯಸ್ಥರು. ಮಗ ಓದಿದ್ದು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚಿನಲ್ಲಿ. ಮನೆ ಒಂದು ಪಾಳಯದಲ್ಲಿ, ಓದು ಇನ್ನೊಂದರಲ್ಲಿ. ಎರಡೂ ಕಡೆ ಗೆಳೆಯರಿದ್ದವನಿಗೆ ಪಂದ್ಯ ಹೂಡುವುದು ಸುಲಭ. 1827ರ ಆ ಪಂದ್ಯಕ್ಕೆ ಎರಡು ದಿನ ಗೊತ್ತುಮಾಡಿದ್ದರು. ಮಳೆ ಒಂದು ದಿನವನ್ನು ನುಂಗಿತು. ಆಕ್ಸ್‌ಫರ್ಡ್ 258, ಕೇಂಬ್ರಿಡ್ಜ್ 92, ಪಂದ್ಯ ಡ್ರಾ. ಏಳು ವಿಕೆಟ್ ಕಿತ್ತವನು ವರ್ಡ್ಸ್‌ವರ್ತನೇ. ಅದೇ ಆಕ್ಸ್‌ಫರ್ಡ್ ತಂಡದಲ್ಲಿ ವಿಲಿಯಂ ವೆಬ್ ಎಲ್ಲಿಸ್ ಕೂಡ ಇದ್ದ. ಶಾಲೆಯಲ್ಲಿ ಫುಟ್‌ಬಾಲ್ ಆಡುತ್ತಾ ಚೆಂಡನ್ನು ಕೈಗೆತ್ತಿಕೊಂಡು ಓಡಿ ರಗ್ಬಿ ಆಟಕ್ಕೆ ಕಾರಣನಾದ ಎಂಬ ದಂತಕತೆ ಇವನ ಸುತ್ತ ಹಬ್ಬಿದೆ, ರಗ್ಬಿ ವಿಶ್ವಕಪ್ಪಿಗೆ ಇಟ್ಟಿರುವುದೂ ಇವನ ಹೆಸರನ್ನೇ. ಕತೆಗೆ ಗಟ್ಟಿ ಪುರಾವೆ ಇಲ್ಲ. ಅವನು ಕ್ರಿಕೆಟ್ ಆಡಿದ್ದಕ್ಕೆ ಇದೆ.

ವರ್ಡ್ಸ್‌ವರ್ತನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ರಜೆಗೆಂದು ಕೇಂಬ್ರಿಡ್ಜಿನ ಮನೆಗೆ ಹೋದಾಗ ಅಲ್ಲಿನ ಕ್ಯಾಮ್ ನದಿಯಲ್ಲಿ, ಹ್ಯಾರೋ ಶಾಲೆಯ ಹಳೆಯ ಸಹಪಾಠಿ ಚಾರ್ಲ್ಸ್ ಮೆರಿವೇಲ್ ಜೊತೆ ದೋಣಿ ನಡೆಸುತ್ತಿದ್ದ. ಮಾತು ಪಂಥಕ್ಕೆ ತಿರುಗಿತು. 1829ರ ಮಾರ್ಚ್ 12ರಂದು ಕೇಂಬ್ರಿಡ್ಜಿನಿಂದ ಆಕ್ಸ್‌ಫರ್ಡಿಗೆ ಸವಾಲಿನ ಪತ್ರ ಹೋಯಿತು. ಜೂನ್ 10ರಂದು ಹೆನ್ಲಿ ಎಂಬ ನದಿ ದಡದ ಊರಿನಲ್ಲಿ ಎಂಟೆಂಟು ಹುಟ್ಟುಗಳ ಎರಡು ದೋಣಿಗಳು ಸಾಲುಗಟ್ಟಿದವು. ಹೊರಟ ಸ್ವಲ್ಪ ಹೊತ್ತಿಗೇ ಒಂದಕ್ಕೊಂದು ತಾಗಿ, ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಗೆದ್ದದ್ದು ಆಕ್ಸ್‌ಫರ್ಡ್. ಅದೇ ಜೂನ್‌ನಲ್ಲಿ ಎರಡನೆಯ ಕ್ರಿಕೆಟ್ ಪಂದ್ಯವೂ ನಡೆಯಿತು, ವರ್ಡ್ಸ್‌ವರ್ತ್ ಎರಡರಲ್ಲೂ ಇದ್ದ. ಮುಂದೆ ಇವನು ಸ್ಕಾಟ್ಲೆಂಡಿನಲ್ಲಿ ಬಿಷಪ್ ಆದ. ಅವನ ಧರ್ಮೋಪದೇಶಗಳನ್ನು ಈಗ ಯಾರೂ ಓದುವುದಿಲ್ಲ.

ಬಣ್ಣ ಬಂದದ್ದೂ ಹೀಗೇ, ಯೋಜನೆಯಿಲ್ಲದೆ. 1829ರ ಆಕ್ಸ್‌ಫರ್ಡ್ ದೋಣಿಯಲ್ಲಿ ಕ್ರೈಸ್ಟ್ ಚರ್ಚಿನ ಹುಡುಗರೇ ಹೆಚ್ಚಾಗಿದ್ದರು, ಅವರ ಕಾಲೇಜಿನ ಬಣ್ಣ ಕಡುನೀಲಿ. ಕೇಂಬ್ರಿಡ್ಜಿನವರು ಆ ವರ್ಷ ಬಿಳಿ ಅಂಗಿ ತೊಟ್ಟಿದ್ದರು. 1836ರಲ್ಲಿ ಎರಡನೆಯ ಸ್ಪರ್ಧೆಯ ಹೊತ್ತಿಗೆ ಕೇಂಬ್ರಿಡ್ಜ್ ದೋಣಿಯ ಮೂತಿಗೆ ಕಟ್ಟಲು ಬಣ್ಣವೇ ಇಲ್ಲವೆಂದು ಯಾರಿಗೋ ನೆನಪಾಯಿತಂತೆ. ಒಬ್ಬ ಹತ್ತಿರದ ಅಂಗಡಿಗೆ ಓಡಿ ತಿಳಿನೀಲಿ ರಿಬ್ಬನ್ ತಂದ. ಅದು ಈಟನ್ ಶಾಲೆಯ ಬಣ್ಣ. ರಿಬ್ಬನ್ ಕಟ್ಟಿದ ದೋಣಿ ಗೆದ್ದಿತು, ಬಣ್ಣ ಉಳಿಯಿತು. ಅಲ್ಲಿಂದ ಕಡುನೀಲಿ ಎಂದರೆ ಆಕ್ಸ್‌ಫರ್ಡ್, ತಿಳಿನೀಲಿ ಎಂದರೆ ಕೇಂಬ್ರಿಡ್ಜ್. ನೀಲಿ ಅಂಗಿ ತೊಡುವ ಹಕ್ಕು ಪಡೆದವನು ‘ಬ್ಲೂ’.

ಆ ಹಕ್ಕು ಸಿಗುವ ಬಗೆ ವಿಚಿತ್ರ. ವರ್ಷವಿಡೀ ಯಾರನ್ನು ಸೋಲಿಸಿದರೂ ಅದು ಲೆಕ್ಕಕ್ಕಿಲ್ಲ. ಕೇಂಬ್ರಿಡ್ಜ್ ವಿರುದ್ಧದ ಆ ಒಂದು ಪಂದ್ಯಕ್ಕೆ ಇಳಿದಿರಬೇಕು. ಅದಕ್ಕೆ ‘ವಾರ್ಸಿಟಿ ಪಂದ್ಯ’ ಎಂದು ಹೆಸರು. ಸೋತರೂ ಬ್ಲೂ ಬ್ಲೂವೇ. ಮೊದಲು ದೋಣಿ, ಕ್ರಿಕೆಟ್, ಓಟದವರಿಗೆ ಮಾತ್ರ ಪೂರ್ತಿ ಬ್ಲೂ ಇತ್ತು. ರಗ್ಬಿ, ಫುಟ್‌ಬಾಲಿನವರು ಜಗಳವಾಡಿ ಪಡೆದರು. ಸಣ್ಣ ಆಟಗಳಿಗೆ ಅರ್ಧ ಬ್ಲೂ. ಯಾವ ಆಟಕ್ಕೆ ಎಷ್ಟು ಎಂದು ತೀರ್ಮಾನಿಸುವುದು ಇಂದಿಗೂ ವಿದ್ಯಾರ್ಥಿ ನಾಯಕರೇ ಕೂತು ನಡೆಸುವ ಸಮಿತಿ. ಮೇಷ್ಟರುಗಳಿಗೆ ಅಲ್ಲಿ ಕೆಲಸವಿಲ್ಲ. ಮೈಸೂರಿಗೂ ಧಾರವಾಡಕ್ಕೂ ಪದ ಬಂತು, ಈ ಸಮಿತಿ ಮಾತ್ರ ಬರಲಿಲ್ಲ.

ದೋಣಿ ಸ್ಪರ್ಧೆ 1856ರಿಂದ ಪ್ರತಿವರ್ಷ ನಡೆಯುತ್ತಿದೆ, ಎರಡು ಮಹಾಯುದ್ಧಗಳ ಕಾಲ ಮತ್ತು 2020ರ ಕೋವಿಡ್ ಬಿಟ್ಟರೆ. ಲಂಡನ್ನಿನ ಪಟ್ನಿಯಿಂದ ಮೋರ್ಟ್‌ಲೇಕ್‌ವರೆಗೆ 6.8 ಕಿಲೋಮೀಟರ್, ಸುಮಾರು ಹದಿನೆಂಟು ನಿಮಿಷ. ಹಿಂದಿನ ಸಲ ಸೋತವರು ಗೆದ್ದವರಿಗೆ ಸವಾಲು ಹಾಕಬೇಕು ಎಂಬ ಪದ್ಧತಿ 1829ರ ಪತ್ರದಿಂದಲೇ ಬಂದದ್ದು. ಯಾವ ದಡದ ಕಡೆ ಎಂದು ಆರಿಸಲು 1829ರ ಇಸವಿ ಇರುವ ಚಿನ್ನದ ನಾಣ್ಯವನ್ನೇ ಚಿಮ್ಮುತ್ತಾರೆ. ಗೆದ್ದವರು ತಮ್ಮ ಕಾಕ್ಸ್‌ನನ್ನು, ಅಂದರೆ ಹುಟ್ಟು ಹಿಡಿಯದೆ ಚುಕ್ಕಾಣಿ ಹಿಡಿದು ಕೂಗುತ್ತಾ ಕೂರುವ ಹಗುರ ಮೈಯವನನ್ನು, ಎತ್ತಿ ನೀರಿಗೆ ಎಸೆಯುತ್ತಾರೆ. 2024ರಲ್ಲಿ ಅದನ್ನೂ ಮಾಡಬೇಡಿರೆಂದು ಎಚ್ಚರಿಕೆ ಕೊಡಬೇಕಾಯಿತು. ಥೇಮ್ಸ್ ನದಿಗೆ ಸೇರುವ ಚರಂಡಿ ನೀರಿನಿಂದ ಇ-ಕೋಲಿ ಬ್ಯಾಕ್ಟೀರಿಯಾ ಮಿತಿ ಮೀರಿತ್ತು. ಬೆಳ್ಳಂದೂರಿನ ನೊರೆ, ವೃಷಭಾವತಿಯ ವಾಸನೆ ಕಂಡ ನಮಗೆ ಇದು ಅರ್ಥವಾಗದ ಸಂಗತಿಯಲ್ಲ.

ಈ ಸ್ಪರ್ಧೆಯಲ್ಲಿ ಗೆಲುವಿಗಿಂತ ಮುಳುಗಿದ ಕತೆಗಳೇ ಸೊಗಸು. 1859ರಲ್ಲಿ ಕೇಂಬ್ರಿಡ್ಜ್ ಮುಳುಗಿತು, 1925ರಲ್ಲಿ ಆಕ್ಸ್‌ಫರ್ಡ್. 1912ರಲ್ಲಿ ಗಾಳಿಗೆ ಎರಡೂ ದೋಣಿಗಳು ನೀರು ತುಂಬಿ ಕೂತವು. ಎರಡು ದಿನ ಬಿಟ್ಟು ಮತ್ತೆ ನಡೆಸಿದಾಗ ಆಕ್ಸ್‌ಫರ್ಡ್ ಗೆದ್ದಿತು. 1951ರಲ್ಲಿ ಮತ್ತೆ ಆಕ್ಸ್‌ಫರ್ಡ್ ಮುಳುಗಿತು, ಹೊರಟ ಕೆಲವೇ ನಿಮಿಷಗಳಲ್ಲಿ. 1877ರಲ್ಲಿ ತೀರ್ಪು ‘ಸಮ’ ಎಂದಾಯಿತು. ಎಪ್ಪತ್ತು ದಾಟಿದ ತೀರ್ಪುಗಾರ ಜಾನ್ ಫೆಲ್ಪ್ಸ್ ಪೊದೆಯ ಕೆಳಗೆ ನಿದ್ದೆ ಹೋಗಿದ್ದ ಎಂದು ಆಕ್ಸ್‌ಫರ್ಡಿನವರು ಇಂದಿಗೂ ಆಡಿಕೊಳ್ಳುತ್ತಾರೆ. ಅದು ಸೋಲದೆಯೂ ಗೆಲ್ಲಲಾಗದವರು ಕಟ್ಟಿದ ಕತೆ ಎಂದೇ ನನ್ನ ಅನುಮಾನ. 2003ರಲ್ಲಿ ಅಷ್ಟು ದೂರ ಹುಟ್ಟು ಹಾಕಿದ ಮೇಲೆ ಆಕ್ಸ್‌ಫರ್ಡ್ ಗೆದ್ದದ್ದು ಒಂದೇ ಒಂದು ಅಡಿಯಿಂದ. ಒಟ್ಟು ಲೆಕ್ಕದಲ್ಲಿ ಮುಂದಿರುವುದು ಮಾತ್ರ ಕೇಂಬ್ರಿಡ್ಜ್. ಇದನ್ನು ಆಕ್ಸ್‌ಫರ್ಡಿನ ನೆನಪಿನ ಲೇಖನಗಳಲ್ಲಿ ಸಣ್ಣ ಅಕ್ಷರದಲ್ಲಿ ಹಾಕುವುದು ರೂಢಿ. ನಾನು ನೇರವಾಗಿ ಹೇಳಿಬಿಡುತ್ತೇನೆ.

ಟಿವಿಯಲ್ಲಿ ಕಾಣುವ ಈ ಸ್ಪರ್ಧೆಗಿಂತ ಹಳೆಯದು ಊರೊಳಗಿನ ಕಾಲೇಜು ಕಾಲೇಜುಗಳ ಕಾಳಗ. 1815ರಲ್ಲೇ ಬ್ರೇಸ್‌ನೋಸ್ ಮತ್ತು ಜೀಸಸ್ ಕಾಲೇಜಿನ ದೋಣಿಗಳು ಒಂದರ ಬೆನ್ನು ಒಂದು ಹತ್ತಿದ್ದವು. ಆಕ್ಸ್‌ಫರ್ಡಿನಲ್ಲಿ ನದಿ ಅಗಲ ಕಡಿಮೆ, ಅಕ್ಕಪಕ್ಕ ಓಡಿಸಲು ಜಾಗವಿಲ್ಲ. ಹಾಗಾಗಿ ದೋಣಿಗಳನ್ನು ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿ, ನಡುವೆ ಒಂದೂವರೆ ದೋಣಿಯುದ್ದ ಬಿಟ್ಟು, ತೋಪು ಹಾರಿಸುತ್ತಾರೆ. ಮುಂದಿನದನ್ನು ಹೋಗಿ ಗುದ್ದಿದರೆ ಗೆಲುವು. ಮರುದಿನ ಗುದ್ದಿದವರು ಅವರ ಜಾಗಕ್ಕೆ ಏರುತ್ತಾರೆ. ಇದಕ್ಕೆ ‘ಬಂಪ್ಸ್’ ಎನ್ನುತ್ತಾರೆ. ಚಳಿಗಾಲದ ಕೊನೆಗೆ ‘ಟಾರ್ಪಿಡ್ಸ್’, ಮೇ ತಿಂಗಳಲ್ಲಿ ‘ಏಟ್ಸ್’, ತಲಾ ನಾಲ್ಕು ದಿನ. ನಾಲ್ಕೂ ದಿನ ಗುದ್ದಿದ ತಂಡದವರಿಗೆ ಹೆಸರು ಬರೆಸಿದ ಹುಟ್ಟು ಸಿಗುತ್ತದೆ, ಅದನ್ನು ಆಯುಷ್ಯವಿಡೀ ಮನೆಯ ಗೋಡೆಗೆ ತೂಗುಹಾಕುತ್ತಾರೆ. ಗೆದ್ದ ಕಾಲೇಜು ತನ್ನ ಪ್ರಾಂಗಣದ ಕಲ್ಲುಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಆ ಸಾಧನೆಯನ್ನು ಬರೆದಿಡುತ್ತದೆ. ನಮ್ಮಲ್ಲಿ ಕಾಲೇಜಿನ ಗೋಡೆಗೆ ಬರೆದವನಿಗೆ ದಂಡ.

ಬ್ರೇಸ್‌ನೋಸ್ ಎಂದ ಮೇಲೆ ವಾಲ್ಟರ್ ವುಡ್‌ಗೇಟ್‌ನನ್ನು ಬಿಡಲಾಗದು. 1868ರ ಹೆನ್ಲಿ ದೋಣಿ ಉತ್ಸವದಲ್ಲಿ ನಾಲ್ಕು ಹುಟ್ಟಿನ ಸ್ಪರ್ಧೆಗೂ ಕಾಕ್ಸ್ ಇರಲೇಬೇಕೆಂಬ ನಿಯಮವಿತ್ತು. ಅದು ವ್ಯರ್ಥ ಭಾರ ಎಂದು ವುಡ್‌ಗೇಟ್‌ನ ವಾದ. ದೋಣಿ ಹೊರಡುತ್ತಲೇ ಕಾಕ್ಸ್ ನೀರಿಗೆ ಹಾರಿದ, ನೈದಿಲೆಯ ಬಳ್ಳಿಗಳಲ್ಲಿ ಸಿಕ್ಕಿ ಉಸಿರುಗಟ್ಟುವುದರಲ್ಲಿತ್ತು. ದೋಣಿ ಸುಲಭವಾಗಿ ಗೆದ್ದಿತು, ಅನರ್ಹವೂ ಆಯಿತು. ಕೆಲವೇ ವರ್ಷಗಳಲ್ಲಿ ಕಾಕ್ಸ್ ಇಲ್ಲದ ದೋಣಿಗೂ ಸ್ಪರ್ಧೆ ಬಂತು. ಅಂದು ನೀರಿಗೆ ಹಾರಿದವನ ಹೆಸರು ಫ್ರೆಡರಿಕ್ ವೆದರ್ಲಿ. ‘ಡ್ಯಾನಿ ಬಾಯ್’ ಎಂಬ ಜಗತ್ಪ್ರಸಿದ್ಧ ಹಾಡನ್ನು ಬರೆದ ಪುಣ್ಯಾತ್ಮ ಅವನೇ. ಇದೇ ವುಡ್‌ಗೇಟ್ 1863ರಲ್ಲಿ ಕಟ್ಟಿದ ವಿನ್ಸೆಂಟ್ಸ್ ಕ್ಲಬ್ ಬ್ಲೂಗಳ ಅಡ್ಡೆಯಾಗಿ ಇಂದಿಗೂ ನಡೆಯುತ್ತಿದೆ.

ಓಟದ ಕತೆ ಎಕ್ಸೆಟರ್ ಕಾಲೇಜಿನದು. ಅಲ್ಲಿನ ಕೆಲವರು 1850ರಲ್ಲಿ ಬಾಡಿಗೆ ಕುದುರೆಗಳ ಮೇಲೆ ಜಿಗಿತದ ಪಂದ್ಯವಾಡಿ ಬೇಸತ್ತು, ಕುದುರೆಗಿಂತ ನಮ್ಮ ಕಾಲೇ ಮೇಲು ಎಂದು ತೀರ್ಮಾನಿಸಿ ಹೊಲ, ಬೇಲಿ, ತೊರೆ ಹಾರಿಕೊಂಡು ಓಡಿದರು. ಆಧುನಿಕ ಅಥ್ಲೆಟಿಕ್ಸ್ ಕೂಟಗಳ ಮೊದಲು ಅದು ಎಂದು ಬಲ್ಲವರ ಅಭಿಪ್ರಾಯ. 1864ರಲ್ಲಿ ಕೇಂಬ್ರಿಡ್ಜ್ ಜೊತೆಗಿನ ಮೊದಲ ಕೂಟ ನಾಲ್ಕಕ್ಕೆ ನಾಲ್ಕು, ಸಮ. ಅದೇ ಎಕ್ಸೆಟರ್ ಕಾಲೇಜಿಗೆ ನ್ಯೂಜಿಲೆಂಡಿನಿಂದ ಬಂದ ಜ್ಯಾಕ್ ಲವ್‌ಲಾಕ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 1500 ಮೀಟರಿನ ಚಿನ್ನ ಗೆದ್ದ. ಹತ್ತು ವರ್ಷದ ಮೇಲೆ ಅದೇ ಕಾಲೇಜಿಗೆ ವೈದ್ಯಕೀಯ ಓದಲು ಒಬ್ಬ ಉದ್ದ ಕಾಲಿನ ಹುಡುಗ ಸೇರಿದ. ರೋಜರ್ ಬ್ಯಾನಿಸ್ಟರ್.

ಆಕ್ಸ್‌ಫರ್ಡಿನ ಇಫ್ಲಿ ರಸ್ತೆಯ ಓಟದ ಹಾದಿ ಆಗ ಹಳೆಯದಾಗಿ ಏರುಪೇರಾಗಿತ್ತು. ವಿದ್ಯಾರ್ಥಿ ಅಥ್ಲೆಟಿಕ್ಸ್ ಕ್ಲಬ್ಬಿನ ಅಧ್ಯಕ್ಷನಾಗಿದ್ದ ಬ್ಯಾನಿಸ್ಟರ್ ಅದನ್ನು ಕಿತ್ತು 440 ಗಜದ ಹೊಸ ಹಾದಿ ಹಾಕಿಸಲು ಹಟ ಹಿಡಿದ. ಅವನು ಚರಿತ್ರೆ ಬರೆದದ್ದು ತಾನೇ ಮುಂದೆ ನಿಂತು ಹಾಕಿಸಿದ ಆ ಹಾದಿಯ ಮೇಲೆಯೇ, 1954ರ ಮೇ 6ರ ಸಂಜೆ. ಆ ಹೊತ್ತಿಗೆ ಅವನು ಲಂಡನ್ನಿನ ಆಸ್ಪತ್ರೆಯಲ್ಲಿ ಕಲಿಯುತ್ತಿದ್ದ. ಬೆಳಿಗ್ಗೆ ವಾರ್ಡಿನ ಕೆಲಸ, ಪ್ರಯೋಗಾಲಯದ ಸಾಣೆಕಲ್ಲಿನ ಮೇಲೆ ಶೂ ಮೊಳೆಗಳನ್ನು ಮಸೆದದ್ದು, ಪ್ಯಾಡಿಂಗ್ಟನ್‌ನಿಂದ ರೈಲು. ಗಾಳಿ ಜೋರಾಗಿತ್ತು, ಓಡುವುದೇ ಬೇಡ ಎಂದುಕೊಂಡಿದ್ದವನು ಪಕ್ಕದ ಚರ್ಚಿನ ಗೋಪುರದ ಬಾವುಟ ಸೋತು ಇಳಿಬಿದ್ದುದನ್ನು ನೋಡಿ ಮನಸ್ಸು ಬದಲಿಸಿದ. ವೇಗ ಹಿಡಿದುಕೊಡಲು ಇಬ್ಬರು ಗೆಳೆಯರು: ಆಕ್ಸ್‌ಫರ್ಡಿನ ಕ್ರಿಸ್ ಚಾಟವೇ, ಮತ್ತು ಕ್ರಿಸ್ ಬ್ರಾಶರ್. ಬ್ರಾಶರ್ ಕೇಂಬ್ರಿಡ್ಜಿನವನು ಎಂಬುದನ್ನು ಗಮನಿಸಬೇಕು. ಸುಮಾರು ಮೂರು ಸಾವಿರ ಜನರ ಎದುರು ಧ್ವನಿವರ್ಧಕದಲ್ಲಿ ನಾರಿಸ್ ಮೆಕ್‌ವರ್ಟರ್ ಬೇಕೆಂದೇ ಎಳೆದೆಳೆದು ಫಲಿತಾಂಶ ಓದಿದ, ‘ಮೂರು...’ ಎಂಬ ಪದ ಬಾಯಿಂದ ಬಿದ್ದದ್ದೇ ಉಳಿದದ್ದು ಕೂಗಿನಲ್ಲಿ ಮುಳುಗಿತು. ಮೂರು ನಿಮಿಷ 59.4 ಸೆಕೆಂಡು. ಮೈಲಿಯನ್ನು ನಾಲ್ಕು ನಿಮಿಷದೊಳಗೆ ಮನುಷ್ಯ ಓಡಿದ ಮೊದಲ ಸಲ. ದಾಖಲೆ ಉಳಿದದ್ದು 46 ದಿನ. ಬ್ಯಾನಿಸ್ಟರ್ ಆ ವರ್ಷವೇ ಓಟ ಬಿಟ್ಟು ನರರೋಗ ವೈದ್ಯನಾದ, ಅದನ್ನೇ ತನ್ನ ಜೀವನದ ದೊಡ್ಡ ಕೆಲಸವೆಂದು ಎಣಿಸಿದ.

ಚೆಂಡಾಟಗಳಲ್ಲಿ ಆಕ್ಸ್‌ಫರ್ಡ್ ಬೆಳಗಿದ್ದು ತೀರ ಆರಂಭದಲ್ಲಿ. 1874ರಲ್ಲಿ ಇಂಗ್ಲೆಂಡಿನ ಎಫ್.ಎ. ಕಪ್ ಫುಟ್‌ಬಾಲನ್ನು ಗೆದ್ದದ್ದು ಇದೇ ವಿದ್ಯಾರ್ಥಿಗಳ ತಂಡ. ನಾಯಕ ಕತ್ಬರ್ಟ್ ಒಟ್ಟವೇ. 1872ರಲ್ಲಿ ಗ್ಲಾಸ್ಗೋದಲ್ಲಿ ಇಂಗ್ಲೆಂಡ್ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದಾಗಲೂ ಇವನೇ ನಾಯಕ. ರಗ್ಬಿಯ ವಾರ್ಸಿಟಿ ಪಂದ್ಯ ಶುರುವಾದದ್ದೂ 1872ರಲ್ಲೇ. ವೃತ್ತಿಪರರು ಬಂದ ಮೇಲೆ ಫುಟ್‌ಬಾಲಿನಲ್ಲಿ ಇವರ ಆಟ ಮುಗಿಯಿತು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಇದೇ ಸಂಪ್ರದಾಯದ ಮುಖ ಬಾಡುತ್ತದೆ. 1927ರಲ್ಲಿ ಮಹಿಳೆಯರ ಮೊದಲ ದೋಣಿ ಸ್ಪರ್ಧೆ ನಡೆದಾಗ ಎರಡು ದೋಣಿಗಳು ಒಟ್ಟಿಗೆ ನೀರಿಗಿಳಿಯಲು ಬಿಡಲಿಲ್ಲ. ಹೆಂಗಸರು ಪಂಥ ಕಟ್ಟಿ ಓಡುವುದು ಶೋಭೆಯಲ್ಲವೆಂದು ಒಂದಾದ ಮೇಲೊಂದು ಓಡಿಸಿ, ವೇಗದ ಜೊತೆಗೆ ‘ಶೈಲಿ’ಗೂ ಅಂಕ ಕೊಟ್ಟರು. 1981ರಲ್ಲಿ ಸೂ ಬ್ರೌನ್ ಪುರುಷರ ದೋಣಿಗೆ ಕಾಕ್ಸ್ ಆಗಿ ಆಕ್ಸ್‌ಫರ್ಡನ್ನು ಗೆಲ್ಲಿಸಿದಳು. ಆದರೂ ಮಹಿಳೆಯರ ಸ್ಪರ್ಧೆ ಅದೇ ದಿನ, ಅದೇ ನದಿಯಲ್ಲಿ, ಅದೇ ದೂರಕ್ಕೆ ನಡೆಯಲು 2015 ಆಗಬೇಕಾಯಿತು. ಎಂಬತ್ತೆಂಟು ವರ್ಷ. ಹುಡುಗರು ಕಟ್ಟಿದ್ದು ಎಂದು ನಾನು ಮೆಚ್ಚಿ ಬರೆದ ಪದಕ್ಕೆ ಈ ಇನ್ನೊಂದು ಅರ್ಥವೂ ಇದೆ.

ಈಗ ನಮ್ಮವರ ಮಾತು. 1893ರ ಕ್ರಿಕೆಟ್ ಪಂದ್ಯದಲ್ಲಿ ಆಕ್ಸ್‌ಫರ್ಡಿನ ಸಿ.ಬಿ. ಫ್ರೈ ಎದುರು ಕೇಂಬ್ರಿಡ್ಜ್ ಕಡೆ ಆಡಿದವನು ರಣಜಿತ್ ಸಿಂಹಜಿ. ಫ್ರೈ ಅದೇ ವರ್ಷ ಉದ್ದಜಿಗಿತದ ವಿಶ್ವದಾಖಲೆ ಸರಿಗಟ್ಟಿದ್ದ. ಮುಂದೆ ಸಸೆಕ್ಸ್ ಪರ ಈ ಇಬ್ಬರೂ ಜೊತೆಯಾಗಿ ಬೌಲರುಗಳ ನಿದ್ದೆ ಕೆಡಿಸಿದರು. 1931ರಲ್ಲಿ ಆಕ್ಸ್‌ಫರ್ಡ್ ಪರ ಆಡಿದವನು ಪಟೌಡಿಯ ನವಾಬ ಇಫ್ತಿಖಾರ್ ಅಲಿ ಖಾನ್. ಆ ವರ್ಷದ ಪಂದ್ಯದಲ್ಲಿ ಕೇಂಬ್ರಿಡ್ಜಿನ ಅಲನ್ ರ್‍ಯಾಟ್‌ಕ್ಲಿಫ್ 201 ಹೊಡೆದು ದಾಖಲೆ ಮಾಡಿದ. ದಾಖಲೆಯ ಆಯುಷ್ಯ ಒಂದು ದಿನ. ಅದನ್ನು ಮುರಿಯುತ್ತೇನೆಂದು ಹೇಳಿಯೇ ಹೋದ ಪಟೌಡಿ ಔಟಾಗದೆ 238 ಮಾಡಿದ. ಅದು 2005ರವರೆಗೆ ನಿಂತಿತು. ಮುರಿದವನು ಆಕ್ಸ್‌ಫರ್ಡಿನವನೇ ಆದ ಸಲೀಲ್ ಒಬೆರಾಯ್, 247. ಕಾಲಿನ್ ಕೌಡ್ರಿಯನ್ನೂ ಅರ್ಧ ನಮ್ಮವನೆನ್ನಬಹುದು: ಗುಂಡ್ಲುಪೇಟೆಯಿಂದ ಘಟ್ಟ ಹತ್ತಿದರೆ ಸಿಗುವ ಊಟಿಯಲ್ಲಿ 1932ರಲ್ಲಿ ಹುಟ್ಟಿದ, 1954ರಲ್ಲಿ ಆಕ್ಸ್‌ಫರ್ಡ್ ನಾಯಕನಾದ. 1959ರಲ್ಲಿ ಭಾರತ ತಂಡ ಇಂಗ್ಲೆಂಡಿನಲ್ಲಿ ಸೋತು ಸುಣ್ಣವಾಗಿದ್ದಾಗ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಅಬ್ಬಾಸ್ ಅಲಿ ಬೇಗ್‌ನನ್ನು ಕರೆಸಿದರು. ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟಿನಲ್ಲೇ 112 ಹೊಡೆದ.

ಮುಂದಿನ ಹೆಸರು ಕಿರಿಯ ಪಟೌಡಿ, ಮನ್ಸೂರ್ ಅಲಿ ಖಾನ್. 1961ಕ್ಕೆ ಆಕ್ಸ್‌ಫರ್ಡ್ ನಾಯಕ, ಆ ಹುದ್ದೆಗೇರಿದ ಮೊದಲ ಭಾರತೀಯ. ಆ ಜುಲೈ 1ರಂದು ಹೋವ್‌ನಲ್ಲಿ ಕಾರು ಅಪಘಾತವಾಗಿ ಬಲಗಣ್ಣಿನ ದೃಷ್ಟಿ ಹೋಯಿತು. ತಾನು ನಾಯಕನಾಗಬೇಕಿದ್ದ ವಾರ್ಸಿಟಿ ಪಂದ್ಯವನ್ನು ಆಡಲಾಗಲಿಲ್ಲ. ಆರು ತಿಂಗಳೊಳಗೆ ಒಂದೇ ಕಣ್ಣಿನಲ್ಲಿ ಟೆಸ್ಟಿಗೆ ಇಳಿದ. 1962ರ ಜನವರಿಯಲ್ಲಿ ಮದರಾಸಿನಲ್ಲಿ ಶತಕ. ಅದೇ ಟೆಸ್ಟಿನಲ್ಲಿ ನಮ್ಮ ಎರಪಳ್ಳಿ ಪ್ರಸನ್ನ ಮೊದಲ ಬಾರಿಗೆ ಆಡಿದರು. ಮಾರ್ಚಿನಲ್ಲಿ ವೆಸ್ಟ್ ಇಂಡೀಸಿನಲ್ಲಿ ನಾಯಕ ನಾರಿ ಕಂಟ್ರಾಕ್ಟರ್ ತಲೆಗೆ ಪೆಟ್ಟಾದಾಗ 21 ವರ್ಷ 77 ದಿನದ ಪಟೌಡಿ ಭಾರತದ ನಾಯಕನಾದ. ಆ ಪ್ರವಾಸದಿಂದ ಮರಳಿದ ಪ್ರಸನ್ನ ಟೆಸ್ಟ್ ಕ್ರಿಕೆಟ್ಟನ್ನು ಪಕ್ಕಕ್ಕಿಟ್ಟು ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಲು ಕೂತರು, ಐದು ವರ್ಷ. ಓದಿನ ಜೊತೆ ಆಟ ಎಂಬುದನ್ನು ಆಕ್ಸ್‌ಫರ್ಡಿನ ಯಾವ ಬ್ಲೂ ಕೂಡ ಇದಕ್ಕಿಂತ ದುಬಾರಿ ಬೆಲೆ ತೆತ್ತು ಆಚರಿಸಿದ್ದನ್ನು ನಾನು ಕಾಣೆ. ಕರ್ನಾಟಕದವರೇ ಆದ ಚಂದ್ರಶೇಖರ್ 1964ರಲ್ಲಿ ಟೆಸ್ಟಿಗೆ ಬಂದದ್ದು ಪಟೌಡಿ ನಾಯಕತ್ವದಲ್ಲಿ. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಸೊನ್ನೆ ಸುತ್ತಿ ಎರಡನೆಯ ಇನಿಂಗ್ಸಿನಲ್ಲಿ 137 ಹೊಡೆದಾಗಲೂ ನಾಯಕ ಪಟೌಡಿಯೇ.

ಪಟೌಡಿಯ ಆ ದಿನಗಳಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಇನ್ನೊಬ್ಬರು ಗಿರೀಶ ಕಾರ್ನಾಡ. ಧಾರವಾಡದಿಂದ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ 1960ರಲ್ಲಿ ಹೋಗಿ, ಅಲ್ಲಿನ ಚರ್ಚಾಕೂಟ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾದರು. ಆ ವಿದ್ಯಾರ್ಥಿವೇತನ ಸ್ಥಾಪಿಸಿದ ಸಿಸಿಲ್ ರೋಡ್ಸ್ ತನ್ನ ಮರಣಪತ್ರದಲ್ಲಿ, ಬರಿಯ ಪುಸ್ತಕದ ಹುಳುಗಳು ಬೇಡ, ಮೈದಾನದ ಆಟಗಳಲ್ಲೂ ಹೆಸರು ಮಾಡಿದವರು ಬೇಕು ಎಂಬ ಷರತ್ತು ಹಾಕಿದ್ದ. ಲವ್‌ಲಾಕ್ ಹೋದದ್ದೂ ಅದೇ ವೇತನದ ಮೇಲೆ. ಕಾರ್ನಾಡರ ಮಟ್ಟಿಗೆ ಆ ಷರತ್ತನ್ನು ಯಾರಾದರೂ ಸಡಿಲಿಸಿದ್ದರೆ ಅವರಿಗೆ ಕನ್ನಡ ರಂಗಭೂಮಿ ಋಣಿ.

ಇನ್ನೂರರ ಹೊಸ್ತಿಲಲ್ಲಿ ಎಲ್ಲವೂ ಚೆನ್ನಾಗಿದೆಯೆಂದಲ್ಲ. ಯೂನಿವರ್ಸಿಟಿ ಪಾರ್ಕ್ಸ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ 1881ರಿಂದ ಕ್ರಿಕೆಟ್ ನಡೆಯುತ್ತಿದೆ. ಉದ್ಯಾನವಾದ್ದರಿಂದ ಟಿಕೆಟ್ ಇಲ್ಲ, ಮರದ ಕೆಳಗೆ ಬಿಟ್ಟಿಯಾಗಿ ಕೂತು ನೋಡಬಹುದು. ವಾರ್ಸಿಟಿ ಕ್ರಿಕೆಟ್ ಪಂದ್ಯಕ್ಕಿದ್ದ ಪ್ರಥಮ ದರ್ಜೆಯ ಮಾನ್ಯತೆ 2020ರ ಪಂದ್ಯದ ನಂತರ ಹೋಯಿತು. ಲಾರ್ಡ್ಸ್ ಮೈದಾನದ ಒಡೆಯರು 2022ರಲ್ಲಿ, ಇನ್ನು ಈ ಪಂದ್ಯಕ್ಕೆ ಇಲ್ಲಿ ಜಾಗವಿಲ್ಲ ಎಂದರು. ಸದಸ್ಯರು ಗಲಾಟೆ ಮಾಡಿದ ಮೇಲೆ ಹಿಂದೆ ಸರಿದರು. ಕ್ರೀಡಾ ಕೋಟಾ ಇಲ್ಲದ, ಆಟಕ್ಕೆಂದು ಸೀಟು ಕೊಡದ ವಿಶ್ವವಿದ್ಯಾಲಯದ ತಂಡ ವೃತ್ತಿಪರರ ಎದುರು ನಿಲ್ಲುವುದು ಕಷ್ಟ ಎಂಬ ವಾದ ಸರಿಯೇ. ಹಿಂದಿನ ಕಾಲದ ಕೆಲವು ಕಾಲೇಜುಗಳು ಒಳ್ಳೆಯ ಬ್ಯಾಟ್ಸ್‌ಮನ್ ಬಂದರೆ ಅಂಕಪಟ್ಟಿಯತ್ತ ಕಣ್ಣು ಕಿರಿದು ಮಾಡುತ್ತಿದ್ದವು ಎಂಬ ಮಾತೂ ಇದೆ.

ಇಷ್ಟಾದರೂ ಆಕ್ಸ್‌ಫರ್ಡಿನವರಿಗೆ 1827ರ ಹನ್ನೊಂದು ಮಂದಿ ಯಾರೆಂದು ಇವತ್ತಿಗೂ ಗೊತ್ತು, ಯಾರು ಎಷ್ಟು ಹೊಡೆದರೆಂದೂ ಗೊತ್ತು. ಏಕೆಂದರೆ ಹುಡುಗರು ಬರೆದಿಟ್ಟರು, ಅವರ ಮಕ್ಕಳು ಎಸೆಯಲಿಲ್ಲ. ಈ ಸಂಚಿಕೆ ಓದುತ್ತಿರುವವರಲ್ಲಿ ನಮ್ಮ ಯಾವುದೇ ವಿಶ್ವವಿದ್ಯಾಲಯದ ಬ್ಲೂಗಳಿದ್ದರೆ, ಅಥವಾ ಅಂಥವರ ಮಕ್ಕಳು ಮೊಮ್ಮಕ್ಕಳಿದ್ದರೆ, ಒಂದು ಕೋರಿಕೆ. ಬೀರುವಿನ ಅಡಿಯಲ್ಲಿರುವ ಆ ತಂಡದ ಫೋಟೊವನ್ನು ಹೊರತೆಗೆಯಿರಿ. ಹಿಂಬದಿಯಲ್ಲಿ ಇಸವಿ, ಊರು, ನಿಂತವರ ಮತ್ತು ಕೂತವರ ಹೆಸರುಗಳನ್ನು ಎಡದಿಂದ ಬಲಕ್ಕೆ ಪೆನ್ಸಿಲಿನಲ್ಲಿ ಬರೆಯಿರಿ. ಒಂದು ಪ್ರತಿ ಮಾಡಿಸಿ ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟು, ರಸೀದಿ ಪಡೆಯಿರಿ.